ದೊರೆಗಿಂತ ಒಂದು ದಿನ ಹೆಚ್ಚು

ದರ್ಜಿ ಊಟ ಕಡಿಮೆ ಮಾಡಿದ್ದಕ್ಕೆ ಮೂಲ ಮೇಷ್ಟ್ರ ಪ್ಯಾಂಟುಗಳು.

ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ಅಂಗಡಿಯ ಹಳೆಯ ಗಿರಾಕಿ. ಹಿಂದಿನ ವರ್ಷ ಒಂದು ಚೀಲ ಪ್ಯಾಂಟು ಹೊತ್ತು ತಂದು, ಎಲ್ಲದರ ಸೊಂಟ ಚಿಕ್ಕದು ಮಾಡಿಕೊಡು ಎಂದರು. ದರ್ಜಿ ಟೇಪು ಸುತ್ತಿ ನೋಡಿದರೆ ಪೂರಾ ಮೂರು ಇಂಚು ಕರಗಿತ್ತು. ಕಾಯಿಲೆಯೇ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಮೇಷ್ಟ್ರೇ ಹೇಳಿದರು. ಕಾಯಿಲೆ ಅಲ್ಲವಂತೆ, ತಿನ್ನುವುದರಲ್ಲಿ ಕಾಲು ಭಾಗ ಬಿಟ್ಟಿದ್ದಾರಂತೆ. ಇಲಿಗಳಿಗೆ ಹೀಗೆ ಅಳೆದು ಹಾಕಿ ಸಾಕಿದರೆ, ಹೊಟ್ಟೆ ಬಿರಿಯ ತಿಂದ ಇಲಿಗಳಿಗಿಂತ ಎಷ್ಟೋ ಹೆಚ್ಚು ಕಾಲ ಬದುಕುತ್ತವಂತೆ. ಇದು ನಿನ್ನೆ ಮೊನ್ನೆಯ ಸುದ್ದಿಯಲ್ಲ, ಅಜ್ಜಂದಿರ ಕಾಲದಿಂದ ವಿಜ್ಞಾನಿಗಳಿಗೆ ಗೊತ್ತಿರುವ ಸಂಗತಿಯಂತೆ. ಅವರ ಬಿಪಿ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಹೆಂಡತಿಯ ಮುಂದೆ ಅಂಗಿ ಬಿಚ್ಚಿ ನಿಲ್ಲುವ ಧೈರ್ಯ ಬಂದಿದೆ ಎಂದು ದನಿ ತಗ್ಗಿಸಿ ಹೇಳಿ, ಒಳಗೆ ಕುಳಿತಿದ್ದ ಗುಂಡಿಯಮ್ಮನನ್ನು ಕಂಡು ಕೆಮ್ಮಿದರು.

ಗುಂಡಿಯಮ್ಮ ದರ್ಜಿಯ ಹೆಂಡತಿ. ಅಂಗಡಿಯಲ್ಲಿ ಗುಂಡಿ, ಕಾಜಾ, ಅಂಚಿನ ಕೈಹೊಲಿಗೆ ಎಲ್ಲ ಅವಳ ಪಾಲಿಗೆ ಬಿದ್ದಿದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಅಂಗಡಿಯೆಂದರೂ ಮನೆಯ ಮುಂದಿನ ಕೋಣೆಯೇ. ಅದರ ಹಿಂದೆ ಮಗನ ಕೋಣೆ, ಅದರ ಹಿಂದೆ ಅಡುಗೆಮನೆ. ಅಂಗಡಿಯಿಂದ ಅಡುಗೆಮನೆಗೆ ಹೋಗಬೇಕಾದರೆ ಮಗನ ಮಂಚವನ್ನು ಬಳಸಿಯೇ ಹೋಗಬೇಕು. ಹಾಗೆ ಮಾಡಿಕೊಂಡದ್ದು ಬೇಕೆಂದೇ, ಹೋಗುತ್ತಾ ಬರುತ್ತಾ ಅವನು ಕಣ್ಣಿಗೆ ಬೀಳಲೆಂದು.

ಮಗನಿಗೆ ಮೂವತ್ತು ದಾಟಿತ್ತು. ಹುಟ್ಟುವಾಗ ಉಸಿರು ತಡವಾಗಿ ಬಂದವನು. ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ, ನಾಲಿಗೆಯೂ ಅಷ್ಟಕ್ಕಷ್ಟೆ. ಆದರೆ ಬೇಕು ಬೇಡಗಳನ್ನು ಹುಬ್ಬಿನಲ್ಲೇ ತಿಳಿಸುತ್ತಿದ್ದ. ಎಬ್ಬಿಸುವವರು, ಉಣಿಸುವವರು, ಮುಖ ತೊಳೆಯುವವರು, ಬಟ್ಟೆ ತೊಡಿಸುವವರು ಎಲ್ಲ ಸುತ್ತ ನಿಂತೇ ಇರಬೇಕಾದ್ದರಿಂದ ಅಪ್ಪ ಅವನಿಗೆ ದೊರೆ ಎಂದು ಹೆಸರಿಟ್ಟಿದ್ದ. ದೊರೆ ಚೆನ್ನಾಗಿ ತಿಂದು ಬೆಳೆದಿದ್ದ, ಎಲುಬೂ ದೊಡ್ಡದು. ಅವನನ್ನು ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ ಎತ್ತುವುದು ಅಪ್ಪನೊಬ್ಬನ ಕೆಲಸ. ಬೇರೆ ಯಾರಿಗೂ ಅವನು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿಗೆ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದ. ಮಗಳು ಮನೆಯಲ್ಲಿದ್ದಷ್ಟು ಕಾಲ ಅವಳಿನ್ನೂ ಚಿಕ್ಕವಳು ಎನ್ನುತ್ತಿದ್ದ. ಮದುವೆಯಾದ ಮೇಲೆ ಅವಳಿಗೆ ಅವಳದೇ ಮನೆ ಇದೆ ಎನ್ನತೊಡಗಿದ.

ದೊರೆಗಿಂತ ಒಂದು ದಿನ ಹೆಚ್ಚು ಬದುಕಿದರೆ ಸಾಕು ನನಗೆ ಎಂಬುದು ದರ್ಜಿಯ ಹಳೆಯ ಮಾತು. ಗುಂಡಿಯಮ್ಮ ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಕೇಳಿದ್ದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಮೇಷ್ಟ್ರು ಬಂದು ಹೋದ ವಾರದಲ್ಲೇ ಅವನು ಬೆಳಗಿನ ತಿಂಡಿ ಬಿಟ್ಟ. ಆಮೇಲೆ ರಾತ್ರಿಯ ಊಟ ಅರ್ಧಕ್ಕಿಳಿಯಿತು. ಹಸಿವಿಲ್ಲ ಎಂದ. ಸಕ್ಕರೆ ಬಿಟ್ಟದ್ದನ್ನು ಕಂಡು ಅವಳಿಗೆ ಸಂತೋಷವೇ ಆಯಿತು. ಆ ಮಾತನ್ನೂ ಈ ಊಟವನ್ನೂ ಕೂಡಿಸಿ ನೋಡುವ ಪುರುಸೊತ್ತು ಅವಳಿಗಿರಲಿಲ್ಲ. ಬೆಳಗಾದರೆ ದೊರೆಯ ಹಾಸಿಗೆ ಬಟ್ಟೆ ಒಗೆಯಬೇಕು, ಅದು ಒಣಗುವಷ್ಟರಲ್ಲಿ ಕಾಜಾ ಮುಗಿಸಬೇಕು. ನಡುವೆ ಕೂತರೆ ಕೂತಲ್ಲೇ ತೂಕಡಿಕೆ.

ಅವನು ಸಣ್ಣಗಾಗಿದ್ದಾನೆಂದು ಅವಳಿಗೆ ತಿಳಿಯಲೂ ಇಲ್ಲ. ಇದನ್ನು ಬೇರೆಯವರಿಗೆ ಹೇಳಿದರೆ ನಂಬುವುದು ಕಷ್ಟ. ಆದರೆ ಆ ಮನೆಯಲ್ಲಿ ಮೈ ಅಳೆಯುತ್ತಿದ್ದದ್ದು ಬಟ್ಟೆಯಿಂದ. ಎದುರು ಬಂದವರ ಭುಜದ ಹೊಲಿಗೆ ಜಾರಿದೆಯೇ, ಸೊಂಟದ ಹಿಂದೆ ನೆರಿಗೆ ಬಿದ್ದಿದೆಯೇ ಎಂದು ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು, ಮುಖ ಆಮೇಲೆ. ದರ್ಜಿಯ ಅಂಗಿ ಎಂದಿನಂತೆ ಭುಜಕ್ಕೆ ಸರಿಯಾಗಿ ಕೂತಿತ್ತು, ಪ್ಯಾಂಟು ಎಂದಿನಂತೆ ಸೊಂಟಕ್ಕೆ ನಿಂತಿತ್ತು. ಕೆನ್ನೆ ಒಳಗೆ ಹೋದದ್ದು ಕಂಡಾಗ ವಯಸ್ಸು ಎಂದುಕೊಂಡಳು. ಅವನ ಬಟ್ಟೆ ಅವನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಮಲಗುವುದೂ ದೊರೆಯ ಮಂಚದ ಪಕ್ಕದಲ್ಲೇ, ಬಹಳ ವರ್ಷಗಳಿಂದ.

ಒಂದು ಬೆಳಿಗ್ಗೆ, ಸ್ನಾನಕ್ಕೆಂದು ಎತ್ತುವಾಗ, ಅಪ್ಪ ಮಗ ಇಬ್ಬರೂ ನೆಲಕ್ಕೆ ಬಂದರು.

ಗುಂಡಿಯಮ್ಮ ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ದೊರೆ ಅಪ್ಪನ ಮೇಲೆ ಬಿದ್ದುಕೊಂಡು ನಗುತ್ತಿದ್ದ. ಅವನಿಗೆ ಅದು ಹೊಸ ಆಟ. ಕೆಳಗಿದ್ದ ಅಪ್ಪ ಸುಮ್ಮನಿರುವುದನ್ನು ಕಂಡು ನಗು ಮೆಲ್ಲಗೆ ನಿಂತಿತು, ಹುಬ್ಬು ಗಂಟಾಯಿತು. ದರ್ಜಿ ಸತ್ತಿರಲಿಲ್ಲ, ಎಚ್ಚರವೂ ತಪ್ಪಿರಲಿಲ್ಲ. ಮಗನ ತಲೆ ನೆಲಕ್ಕೆ ಬಡಿಯದ ಹಾಗೆ ತನ್ನ ಬಲಗೈಯನ್ನು ಕೆಳಗೆ ಕೊಟ್ಟಿದ್ದ. ಆ ಕೈ ಈಗ ಅಲ್ಲಾಡುತ್ತಿರಲಿಲ್ಲ.

"ಮೊದಲು ಅವನನ್ನ ನೋಡು," ಎಂದ.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕನ್ನೂ ಅವನ ತಮ್ಮನನ್ನೂ ಕರೆದಳು. ಅವರು ಒಳ್ಳೆಯವರು, ಆದರೆ ಬೀರು ಸಾಗಿಸುವಂತೆ ಆ ತುದಿ ಒಬ್ಬ ಈ ತುದಿ ಒಬ್ಬ ಹಿಡಿದು ದೊರೆಯನ್ನು ಮಂಚಕ್ಕೆ ಹಾಕಿದರು. ದೊರೆ ಬೀದಿಗೆ ಕೇಳುವಂತೆ ಕೂಗಿದ. ಮೆಕ್ಯಾನಿಕ್ಕನ ತಾಯಿಯನ್ನು ಅವನ ಹತ್ತಿರ ಕೂರಿಸಿ, ಗಂಡನನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಗುಂಡಿಯಮ್ಮ ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದರು, ಮೂಳೆ ಬಿರಿದಿದೆ ಎಂದರು. ಪಕ್ಕೆಲುಬನ್ನೂ ನೋಡಿಬಿಡೋಣ, ಅಂಗಿ ತೆಗೆಯಿರಿ ಎಂದರು ಡಾಕ್ಟರಮ್ಮ. ನರ್ಸು ಗುಂಡಿ ಬಿಚ್ಚಿ ಅಂಗಿಯನ್ನು ಕಳಚಿದಳು.

ಗುಂಡಿಯಮ್ಮನಿಗೆ ಕಂಡದ್ದು ಬೇರೆ ಯಾರದೋ ಮೈ. ಕತ್ತಿನ ಕೆಳಗಿನ ಎರಡು ಎಲುಬುಗಳು ಹ್ಯಾಂಗರಿನಂತೆ ಎದ್ದು ನಿಂತಿದ್ದವು. ತೋಳು ದೊರೆಯ ತೋಳಿನ ಅರ್ಧದಷ್ಟೂ ಇರಲಿಲ್ಲ. ಅವಳು ನರ್ಸು ಕೊಟ್ಟ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಡಿಚಲೆಂದು ತಿರುಗಿಸಿದಾಗ ಪಕ್ಕದ ಹೊಲಿಗೆ ಕೈಗೆ ದಪ್ಪವಾಗಿ ಸಿಕ್ಕಿತು. ಒಳಗು ಹೊರಗು ಮಾಡಿ ನೋಡಿದಳು. ಒಂದು ಹೊಲಿಗೆಯ ಒಳಕ್ಕೆ ಇನ್ನೊಂದು, ಅದರ ಒಳಕ್ಕೆ ಮತ್ತೊಂದು. ಕಂಕುಳಿಂದ ಕೆಳಗಿನವರೆಗೆ ಸಾಲುಸಾಲು. ಹೊರಗಿನಿಂದ ನೂಲೂ ಕಾಣದಂಥ ಕೆಲಸ. ಪ್ಯಾಂಟಿನ ಹಿಂಬದಿಯೂ ಹೀಗೇ ಇರುತ್ತದೆಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಮೈ ಇಳಿದ ಹಾಗೆ ಅವನು ಬಟ್ಟೆಯನ್ನೂ ಇಳಿಸುತ್ತಾ ಬಂದಿದ್ದ. ಮೂವತ್ತೈದು ವರ್ಷ ಅವನ ಹೊಲಿಗೆಯ ಮೇಲೆ ಗುಂಡಿ ಹಚ್ಚಿದವಳಿಗೆ ಅವನು ಮೋಸ ಮಾಡಬಹುದಾದ ದಾರಿ ಅದೊಂದೇ ಇತ್ತು, ಅದನ್ನೇ ಹಿಡಿದಿದ್ದ.

ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕಲ್ಲ. ಅಂಗಿಯನ್ನು ಸರಿಯಾಗಿ ಮಡಿಚಿಟ್ಟಳು.

ತೂಕ ನೋಡಿದ ಮೇಲೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹಸಿವಿಲ್ಲವೇ, ವಾಂತಿಯೇ, ಮನಸ್ಸಿಗೆ ಬೇಸರವೇ ಎಂದು ಒಂದೊಂದಾಗಿ ಕೇಳಿದರು. ದರ್ಜಿ ಎಲ್ಲಕ್ಕೂ ಅಲ್ಲವೆಂದು ತಲೆ ಅಲ್ಲಾಡಿಸಿ, ಕೊನೆಗೆ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ, ಮೇಷ್ಟ್ರ ಪ್ಯಾಂಟಿನ ಕತೆ ಹೇಳಿದ. ಇಲಿಗಳ ವಿಷಯ ಹೇಳಿದ. ದೊರೆಯ ವಿಷಯ ಹೇಳಿದ. ದೊರೆಗೆ ಎದೆ, ಹೊಟ್ಟೆ ಎಲ್ಲ ಗಟ್ಟಿ, ಇನ್ನು ಮೂವತ್ತು ವರ್ಷಕ್ಕೆ ಮೋಸವಿಲ್ಲ ಎಂದು ಹಿಂದೆ ಯಾರೋ ತಜ್ಞರು ಹೇಳಿದ್ದರಂತೆ. ಹಾಗಾದರೆ ತಾನು ತೊಂಬತ್ತು ದಾಟಬೇಕು. ತನ್ನ ಅಪ್ಪ ಅರವತ್ತೆಂಟಕ್ಕೇ ಹೋದವನು. ಬೇರೆ ದಾರಿ ಯಾವುದೂ ಕಾಣಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. ಅವರ ಮುಖವೂ ಬಾಡಿತ್ತು. ಬೆಳಗಿನಿಂದ ಅದೇ ಕುರ್ಚಿಯಲ್ಲಿದ್ದಂತೆ ಕಾಣುತ್ತಿತ್ತು.

"ಇಲಿ ವಿಷಯ ನಿಜ," ಎಂದರು. "ಎಲ್ಲಾ ತಳಿ ಇಲಿಗೂ ಅಲ್ಲ, ಆದ್ರೂ ನಿಜ. ಕೋತಿಗಳನ್ನ ಎರಡು ಕಡೆ ಇಪ್ಪತ್ತು ವರ್ಷಕ್ಕೂ ಮೇಲೆ ಸಾಕಿ ನೋಡಿದ್ರು. ಒಂದು ಕಡೆ ಕಮ್ಮಿ ತಿಂದವು ಹೆಚ್ಚು ಬದುಕಿದ್ವು. ಇನ್ನೊಂದು ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ."

"ಮನುಷ್ಯರಲ್ಲಿ?"

"ಎರಡು ವರ್ಷ ನೋಡಿದಾರೆ. ಬಿಪಿ, ಕೊಲೆಸ್ಟರಾಲ್ ಎಲ್ಲ ಇಳೀತು. ಮೂಳೆ, ಮಾಂಸಖಂಡ ಕೂಡ ಸ್ವಲ್ಪ ಇಳೀತು. ಆಯುಸ್ಸು ಹೆಚ್ಚಾಯ್ತಾ ಅಂತ ತಿಳೀಬೇಕಾದ್ರೆ ಅವರೆಲ್ಲ ಸಾಯೋ ತನಕ ಕಾಯಬೇಕು. ಕಾಯೋಕೆ ಕೂತವರಿಗೂ ಅಷ್ಟು ಆಯುಸ್ಸು ಬೇಕಲ್ಲ."

"ಹಾಗಾದ್ರೆ ಆಗಲ್ಲ ಅಂತೀರಾ?"

"ಗೊತ್ತಿಲ್ಲ ಅಂತೀನಿ. ನಿಮ್ಮ ಮೇಷ್ಟ್ರಿಗೆ ಒಳ್ಳೇದೇ ಆಗಿರಬಹುದು, ಅವರ ಹತ್ತಿರ ಕರಗಿಸೋಕೆ ಇತ್ತು. ಕಮ್ಮಿ ಅಂದ್ರೆ ಯಾವುದಕ್ಕಿಂತ ಕಮ್ಮಿ? ನೀವು ಮೊದಲೇ ಹೊಟ್ಟೆಗೆ ಬೇಕಾದಷ್ಟೇ ತಿಂತಿದ್ದೋರು. ಅದರಲ್ಲೂ ಅರ್ಧ ಬಿಟ್ರೆ ಮೈ ಎಲ್ಲಿಂದ ತಗೊಳ್ಳುತ್ತೆ? ತೊಡೆಯಿಂದ, ತೋಳಿಂದ. ನಿಮ್ಮ ವಯಸ್ಸಲ್ಲಿ ಹೋಗಿದ್ದು ವಾಪಸ್ ಬರೋದು ಕಷ್ಟ. ಮಗನನ್ನ ಎತ್ತೋದು ಆ ತೋಳಿಂದಲೇ ಅಲ್ವಾ?"

ದರ್ಜಿಯ ಕೈಗೆ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳು ಕತ್ತರಿಯನ್ನೂ ಹಿಡಿಯಕೂಡದು, ಮಗನನ್ನಂತೂ ಮುಟ್ಟಕೂಡದು ಎಂದು ಹೇಳಿ ಕಳಿಸಿದರು. ಹೊರಡುವಾಗ ಡಾಕ್ಟರಮ್ಮ ಗುಂಡಿಯಮ್ಮನನ್ನು, ನೀವು ಸರಿಯಾಗಿ ಊಟ ಮಾಡ್ತಿದ್ದೀರಾ ಎಂದು ಕೇಳಿದರು. ಅದುವರೆಗೆ ಅವಳ ಊಟವನ್ನು ಯಾರೂ ವಿಚಾರಿಸಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮಗಳು ಬಂದಳು. ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ರಜೆ ಹಾಕಿ ಬಂದಿದ್ದಳು. ಬಂದವಳು ಚಪ್ಪಲಿ ಬಿಟ್ಟು ನೇರ ಅಣ್ಣನ ಹತ್ತಿರ ಹೋಗಿ, "ಏನ್ ದೊರೆ, ಅಪ್ಪನ್ನೇ ಬೀಳಿಸಿಬಿಟ್ಯಂತೆ?" ಎಂದಳು. ದೊರೆಯ ಬಾಯಿ ಅಗಲವಾಯಿತು. ಆಮೇಲೆ ಅಪ್ಪನ ಕಡೆ ತಿರುಗಿದಳು. ಅವನು ಅಂಗಡಿಯ ಕಟಿಂಗ್ ಮೇಜಿನ ಹಿಂದೆ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದ. ಅಮ್ಮ ಫೋನಿನಲ್ಲಿ ಎಲ್ಲ ಹೇಳಿದ್ದಳು.

"ಎತ್ತೋದು ಹೇಗೆ ಅಂತ ನನಗೆ ಹೇಳಿಕೊಡಪ್ಪ," ಎಂದಳು.

ಬೇಡ ಎಂದ. ಮೆಕ್ಯಾನಿಕ್ಕು ಬರುತ್ತಾನೆ, ಒಂದೂವರೆ ತಿಂಗಳು ಹೇಗೋ ಕಳೆದುಹೋಗುತ್ತದೆ ಎಂದ. ಮೆಕ್ಯಾನಿಕ್ಕು ಮುಟ್ಟಿದರೆ ದೊರೆ ಕೂಗುತ್ತಾನೆ, ನಿನ್ನೆಯಿಂದ ಸ್ನಾನ ಇಲ್ಲ, ಬೆನ್ನು ಕೆಂಪಾಗಿದೆ ಎಂದಳು ಮಗಳು. ನೀನು ಇಷ್ಟೇ ಇಷ್ಟು ಇದ್ದೀಯ, ಅವನ ಕೈ ಕೆಳಗೆ ಸಿಕ್ಕರೆ ಅಪ್ಪಚ್ಚಿಯಾಗುತ್ತೀಯ ಎಂದ. ನೀನು ಆಗಲಿಲ್ಲವೇ ಎಂದಳು. ಹೀಗೆ ಸ್ವಲ್ಪ ಹೊತ್ತು ನಡೆಯಿತು. ಗುಂಡಿಯಮ್ಮ ಗಿರಾಕಿಯೊಬ್ಬರ ಕೋಟಿಗೆ ಗುಂಡಿ ಹಚ್ಚುತ್ತಾ ಕೂತಿದ್ದಳು. ಕೆಲಸ ನಿಂತರೂ ಗಿರಾಕಿಗೆ ಕೊಡುತ್ತೇನೆಂದ ದಿನ ನಿಲ್ಲುವುದಿಲ್ಲ.

ಕೊನೆಗೆ ದರ್ಜಿ ಒಳಗಿದ್ದದ್ದನ್ನು ಹೊರಗೆ ಹಾಕಿದ.

"ನಿನಗೆ ಕಲಿಸಿದ್ರೆ ಆಮೇಲೆ ಅದು ನಿನ್ನ ತಲೆ ಮೇಲೇ ಬರುತ್ತೆ. ನಿನಗೆ ಗಂಡ ಇದಾನೆ, ಸಂಸಾರ ಇದೆ. ಅದು ಬರಬಾರದು ಅಂತಲೇ ನಾನು ಇಷ್ಟು..." ಎಂದು ತನ್ನ ಮೈಯ ಕಡೆ ಎಡಗೈ ತೋರಿಸಿದ.

"ನನ್ನನ್ನ ಕೇಳಿದ್ಯಾ?"

"ಕೇಳೋದೇನು? ನೀನು ಹೂಂ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

ಮಗಳ ಕಣ್ಣು ತುಂಬಿತು, ಸಿಟ್ಟಿಗೋ, ಇನ್ನೇತಕ್ಕೋ. ಆಗ ಗುಂಡಿಯಮ್ಮ ನೂಲನ್ನು ಹಲ್ಲಿನಲ್ಲಿ ಕಡಿದು, ಕೋಟು ಕೆಳಗಿಟ್ಟಳು.

"ರೀ, ಒಂದು ದಿನ ಹೆಚ್ಚು ಬದುಕಬೇಕು ಅಂತ ಹೊಟ್ಟೆ ಕಟ್ಟಿದ್ರಲ್ಲ," ಎಂದಳು. ದನಿ ಏರಿರಲಿಲ್ಲ. "ನನ್ನನ್ನ ಎಲ್ಲಿಟ್ಟಿದ್ರಿ ಆ ಲೆಕ್ಕದಲ್ಲಿ?"

ದರ್ಜಿ ಅವಳನ್ನು ನೋಡಿದ. "ನೀನು ಇರ್ತೀಯಲ್ಲ," ಎಂದ. "ಇದ್ದೇ ಇರ್ತೀಯ ಅಂದ್ಕೊಂಡೆ."

"ನನಗೆ ಬೇಡ ಅಷ್ಟು ವರ್ಷ. ನನಗೆ ಈಗಲೇ ಸಾಕಾಗಿದೆ. ಅವನ ಮೇಲೆ ಬೇಜಾರಿಲ್ಲ, ಅವನು ನನ್ನ ಕೂಸು. ಸುಸ್ತು, ಅಷ್ಟೆ. ತೊಂಬತ್ತಕ್ಕೆ ನೀವು ಕಡ್ಡಿ ಹಾಗೆ ಬದುಕಿದ್ರೆ ಅವನನ್ನ ಎತ್ತೋರು ಯಾರು? ನಿಮ್ಮನ್ನ ಎತ್ತೋರು ಯಾರು? ನಾನಾ?"

ಇಷ್ಟು ವರ್ಷದಲ್ಲಿ ಸಾಕಾಗಿದೆ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಬಂದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಒಳಗಿನಿಂದ ದೊರೆ, ತನ್ನನ್ನು ಮರೆತರೆಂದು ಮಂಚದ ಪಟ್ಟಿಗೆ ಕೈ ಬಡಿದ.

ದರ್ಜಿ ಎದ್ದ. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತ. ಮಗಳನ್ನು ಎದುರಿಗೆ ನಿಲ್ಲಿಸಿದ.

ಹೇಳಿಕೊಡುವುದು ಅವನಿಗೆ ಬರುತ್ತಿರಲಿಲ್ಲ. ಅವನ ಮೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಮೊದಲು ಕೂರಿಸು ಎಂದ. ಅಲ್ಲ, ಮೊದಲು ಕುರ್ಚಿಯ ಬ್ರೇಕು ಹಾಕು ಎಂದ. ಅವನ ಎರಡು ಮಂಡಿಯನ್ನೂ ನಿನ್ನ ಮಂಡಿಯ ನಡುವೆ ಹಿಡಿ. ಕೈ ನಿನ್ನ ಕುತ್ತಿಗೆಗೆ ಬೇಡ, ಜೋತುಬಿಡುತ್ತಾನೆ, ಬೆನ್ನಿಗೆ ಹಾಕಿಸು. ನೀನು ಅವನ ಸೊಂಟದ ಪಟ್ಟಿ ಹಿಡಿ. ಆ ಪಟ್ಟಿಯನ್ನು ದರ್ಜಿಯೇ ಹೊಲಿದಿದ್ದ, ದಪ್ಪ ಕ್ಯಾನ್ವಾಸಿನದು, ಎರಡು ಕಡೆ ಹಿಡಿಕೆ. ಎತ್ತಲು ಹೋಗಬೇಡ ಎಂದ. ಎತ್ತುವುದೇ ತಪ್ಪು. ಅವನ ತಲೆ ನಿನ್ನ ಭುಜದ ಮೇಲೆ ಬರುವವರೆಗೆ ಮುಂದಕ್ಕೆ ಬಾಗಿಸು, ಆಮೇಲೆ ಹಿಂದಕ್ಕೆ ವಾಲು, ಭಾರ ತಾನಾಗಿ ಏಳುತ್ತದೆ, ತಿರುಗಿಸು.

ಮೊದಲ ಸಲ ದೊರೆ ಏಳಲೇ ಇಲ್ಲ. ಎರಡನೆಯ ಸಲ ಅರ್ಧ ಎದ್ದು, ತಂಗಿಯ ಕಿವಿಯಲ್ಲಿ ಕೂಗಿ, ಮಂಚಕ್ಕೆ ಕುಸಿದ. ಮಗಳ ಮುಖ ಬಿಳಿಚಿಕೊಂಡಿತ್ತು. ದರ್ಜಿಯ ಎಡಗೈ ತನ್ನಷ್ಟಕ್ಕೆ ಮುಂದೆ ಹೋಯಿತು. ಗುಂಡಿಯಮ್ಮ ಆ ಕೈಯನ್ನು ಹಿಡಿದು ಕೆಳಗಿಟ್ಟಳು.

"ಮಂಡಿ, ಮಂಡಿ ನೋಡು," ಎಂದ ದರ್ಜಿ. "ಅವನಿಗೆ ಮುಂಚೆ ಹೇಳು. ಹೇಳದೆ ಮುಟ್ಟಿದ್ರೆ ಹೆದರ್ತಾನೆ."

"ದೊರೆ, ಏಳ್ತೀಯೇನೋ?" ಎಂದಳು ಮಗಳು.

ದೊರೆ ಯೋಚಿಸಿದ. ಹುಬ್ಬು ಮೇಲೆತ್ತಿದ.

ಮೂರನೆಯ ಸಲ ಇಬ್ಬರೂ ಕುಡಿದವರಂತೆ ತೂರಾಡಿ, ಒಂದು ಸುತ್ತು ತಿರುಗಿ, ಕುರ್ಚಿಯ ಮೇಲೆ ಬಿದ್ದರು. ದೊರೆ ಓರೆಯಾಗಿ ಕೂತಿದ್ದ, ಒಂದು ಕಾಲು ಗಾಲಿಗೆ ಸಿಕ್ಕಿತ್ತು, ಆದರೆ ಕೂತಿದ್ದ. ತಂಗಿ ನೆಲದ ಮೇಲೆ ಕುಳಿತು ಸೊಂಟ ಹಿಡಿದುಕೊಂಡಳು. ಗುಂಡಿಯಮ್ಮ ಬಗ್ಗಿ ದೊರೆಯ ಕಾಲನ್ನು ಸರಿಮಾಡಿದಳು. ನಾಳೆ ನಾನೂ ಒಂದು ಸಲ ನೋಡುತ್ತೇನೆ ಎಂದಳು. ದರ್ಜಿ ಬೇಡ ಎನ್ನಲಿಲ್ಲ.

"ವಾರಕ್ಕೆ ಎರಡು ದಿನ ಬರ್ತೀನಿ," ಎಂದಳು ಮಗಳು. "ಮಿಕ್ಕ ದಿನಕ್ಕೆ ಯಾರನ್ನಾದ್ರೂ ಹುಡುಕೋಣ, ಅವರಿಗೂ ಕಲಿಸು."

"ಆಮೇಲೆ?" ಎಂದ ದರ್ಜಿ. ಯಾವ ಆಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು.

"ಆಮೇಲೆ ನಾನು. ಹೇಗೆ ಅಂತ ಗೊತ್ತಿಲ್ಲಪ್ಪ. ಮನೇಲಿ ಇವರ ಹತ್ತಿರ ಇನ್ನೂ ಮಾತಾಡಿಲ್ಲ. ಒಪ್ಪದೇ ಇರಬಹುದು. ಇಂಥವರನ್ನ ನೋಡ್ಕೊಳ್ಳೋ ಒಳ್ಳೆ ಜಾಗ ಸಿಕ್ಕಿದ್ರೆ ಅಲ್ಲಿ ಇಟ್ಟು ದಿನಾ ಹೋಗಿ ಬರಬಹುದು. ಗೊತ್ತಿಲ್ಲ. ಆದ್ರೆ ನೀನು ಉಪವಾಸ ಬಿದ್ರೆ ಇದು ಯಾವುದೂ ಬಗೆಹರಿಯಲ್ಲ."

ದರ್ಜಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವನ ಮುಖದಲ್ಲಿದ್ದದ್ದು ಬಹಳ ದೂರದಿಂದ ಹೊತ್ತು ತಂದ ಹೊರೆಯನ್ನು ಯಾರೋ ಕೈಯಿಂದ ಕಿತ್ತುಕೊಂಡಾಗ ಬರುವಂಥ ಕಳೆ. ಹಗುರವಾದದ್ದು ಇನ್ನೂ ತಿಳಿದಿರಲಿಲ್ಲ. ಕಿತ್ತುಕೊಂಡದ್ದು ಮಾತ್ರ ತಿಳಿದಿತ್ತು.

ಮಧ್ಯಾಹ್ನ ಗುಂಡಿಯಮ್ಮ ಎಲ್ಲರಿಗೂ ಒಟ್ಟಿಗೆ ಬಡಿಸಿದಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ತನ್ನ ತಟ್ಟೆಗೂ ಬಡಿಸಿಟ್ಟುಕೊಂಡಳು. ಮಗಳು ದೊರೆಗೆ ಉಣಿಸಿದಳು. ದರ್ಜಿ ಎಡಗೈಯಲ್ಲಿ ಚಮಚ ಹಿಡಿದು, ತನಗೆ ಹಿಡಿಸದ ಬಟ್ಟೆಯನ್ನು ಹೊಲಿಯುವವನಂತೆ, ಒಂದೇ ವೇಗದಲ್ಲಿ, ತಲೆ ಎತ್ತದೆ ಉಂಡ. ತಟ್ಟೆ ಖಾಲಿಯಾಯಿತು. ಗುಂಡಿಯಮ್ಮ ಮತ್ತೆ ಸೌಟು ತಂದಾಗ ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

ಅವಳು ಒತ್ತಾಯ ಮಾಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅನ್ನ ತುಂಬಿದ ಸೌಟನ್ನು ಹಿಡಿದುಕೊಂಡು ನಿಂತಳು. ಅವಳ ತೋಳು ಸೋಲತೊಡಗಿತು. ಸೌಟು ಸಣ್ಣಗೆ ನಡುಗಿತು. ಅವನು ಆ ನಡುಕವನ್ನು ನೋಡಿದ, ಅವಳ ಮುಖವನ್ನಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗೈ ಸರಿಯಿತು. ಪೂರ್ತಿಯಲ್ಲ, ಸೌಟು ಹಿಡಿಸುವಷ್ಟು.